ಮಾವನವರ ಬರಿಗಾಲ ಹರಕೆ

ನಮ್ಮ ಮಾವ ತಿಪ್ಪೇರುದ್ರಪ್ಪನವರು ಮೈಸೂರಿಗೆ ಚಪ್ಪಲಿ ಹಾಕಿಕೊಂಡು ಹೋಗಿ, ಬರಿಗಾಲಿನಲ್ಲಿ ವಾಪಸು ಬಂದರು. ಚಳ್ಳಕೆರೆಯ ಮಟ್ಟಿಗೆ ಇದು ದೊಡ್ಡ ಘಟನೆಯೇನಲ್ಲ. ಆದರೆ ಅದೇ ದಿನ, ಅದೇ ಗಾಡಿಯಲ್ಲಿ ಅವರ ಮಗನನ್ನೂ ತಂದಿದ್ದರಿಂದ ಊರು ಅವರ ಕಾಲನ್ನು ಗಂಭೀರವಾಗಿ ತೆಗೆದುಕೊಂಡಿತು.

ಮಗ ಎಂದರೆ ನನ್ನ ಗಂಡ, ಚಂದ್ರಶೇಖರ್. ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಆ ವಿಷಯ ಇಷ್ಟು ಸಾಕು.

ಸಾವಿನ ಮನೆಯಿಂದ ಯಾರೂ ಚಪ್ಪಲಿ ಅಂಗಡಿಗೆ ಹೋಗುವುದಿಲ್ಲ. ಹಾಗಾಗಿ ಮೊದಲ ಹದಿನೈದು ದಿನ ಮಾವ ಬರಿಗಾಲಿನಲ್ಲೇ ಓಡಾಡಿದರು. ಹದಿನಾರನೆಯ ದಿನ ಹೋಗಬಹುದಿತ್ತು. ಅಷ್ಟರಲ್ಲಿ ಎದುರುಮನೆಯ ವನಜಾಕ್ಷಮ್ಮ ವಿಷಯವನ್ನು ತೀರ್ಮಾನ ಮಾಡಿಬಿಟ್ಟಿದ್ದರು.

"ಹರಕೆ ಕಣ್ರೇ ಅದು. ಯಾರೂ ಕೇಳಬಾರದು. ಕೇಳಿದ್ರೆ ಕೆಡ್ತೈತೆ."

ಕೇಳಬಾರದು ಎಂಬುದನ್ನು ಅವರು ಒಂದೊಂದು ಮನೆಗೂ ಹೋಗಿ ಹೇಳಿ ಬಂದರು. ಕೇಳಬಾರದ ವಿಷಯ ಊರಿಗೆಲ್ಲ ಗೊತ್ತಾಗಲು ಎರಡು ದಿನ ಸಾಕಾಯಿತು. ಮಾವ ಅಂಗಡಿಬೀದಿಯಲ್ಲಿ ನಡೆದರೆ ಜನ ದಾರಿ ಬಿಡತೊಡಗಿದರು. ತರಕಾರಿ ಮಾರುವ ಯರ್ರಮ್ಮ ಬುಟ್ಟಿ ಇಳಿಸಿ, ಅವರ ಕಾಲಿಗೆ ಕೈ ಮುಗಿದು, ಆಮೇಲೆ ಬದನೆಕಾಯಿ ತೂಗಿದಳು. ಮಾವ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವರು ಮೊದಲಿನಿಂದಲೂ ಹಾಗೆ. ಯಾರಾದರೂ ತಪ್ಪಾಗಿ ಬೇರೆ ಹೆಸರಿನಿಂದ ಕರೆದರೆ ಆ ಹೆಸರಿಗೇ ಓಗೊಟ್ಟು, ಅವರ ಕಾಫಿ ಕುಡಿದು ಬರುವ ಮನುಷ್ಯ.

ಅತ್ತೆ ಬಸವಲಿಂಗಮ್ಮ ಮಾತ್ರ ಈ ವಿಷಯದಲ್ಲಿ ಬಾಯಿ ಬಿಡಲಿಲ್ಲ. ಅವರು ಅಕ್ಕಿ ಆರಿಸುತ್ತಿದ್ದರು.

ಇನ್ನು ಚರ್ಚಿನ ವಿಷಯ. ಮಾತಾಡಿಸಲು ಬಂದವರು ಕೇಳುವ ಪ್ರಶ್ನೆಗಳು ಎಲ್ಲ ಕಡೆ ಒಂದೇ. ಏನಾಗಿತ್ತು, ಎಷ್ಟೊತ್ತಿಗೆ ಹೋಯಿತು, ಕೊನೆಗೆ ಏನಾದರೂ ಅಂದನಾ. ಮೂರನೆಯ ಪ್ರಶ್ನೆ ಬರುವ ಮೊದಲೇ ಮಾವ ಕೆಮ್ಮಿ ಹೇಳುತ್ತಿದ್ದರು:

"ಮೈಸೂರಲ್ಲಿ ಒಂದು ಚರ್ಚ್ ಐತೆ ನೋಡ್ರಿ. ಫಿಲೋಮಿನಾ ಚರ್ಚು. ಆಸ್ಪತ್ರೆ ಕಿಟಕೀಲಿ ಕಾಣ್ತೈತೆ. ಎರಡು ಗೋಪುರ. ಅಬ್ಬಾ!"

ಬಂದವರು ತಬ್ಬಿಬ್ಬಾಗಿ ಗೋಪುರದ ಎತ್ತರ ಕೇಳುತ್ತಿದ್ದರು. ಬೇರೇನು ಕೇಳಲು ಸಾಧ್ಯ? ಮೊದಲ ವಾರ ಆ ಗೋಪುರಗಳು ನಮ್ಮೂರಿನ ನೀರಿನ ಟ್ಯಾಂಕಿನ ಎರಡರಷ್ಟಿದ್ದವು. ಎರಡನೆಯ ವಾರಕ್ಕೆ ನಾಲ್ಕರಷ್ಟಾದವು. ಕೊಂಡ್ಲಹಳ್ಳಿಯಿಂದ ಮಾವನವರ ಷಡ್ಡಕ ದೊಡ್ಡೀರಪ್ಪ ಬರುವ ಹೊತ್ತಿಗೆ ಟ್ಯಾಂಕು ಸಾಲದೆ ಬಂತು.

"ದುರ್ಗದ ಬೆಟ್ಟದಷ್ಟು ಇರಬೌದಾ ಭಾವ?"

"ಬೆಟ್ಟದ ಮ್ಯಾಲೆ ನಿಂತು ನೋಡಿದ್ರೂ ತಲೆ ಎತ್ತಲೇಬೇಕು."

ಪ್ರತಿ ವರ್ಷ ಮಾವನವರ ಅಂಗಡಿಗೆ ಕಡಲೇಕಾಯಿ ತರುವ ದೊಡ್ಡಉಳ್ಳಾರ್ತಿಯ ಹುಲಿಯಪ್ಪ ಬಾಗಿಲಲ್ಲೇ ಕೂತು ಎಲ್ಲ ಕೇಳಿಸಿಕೊಂಡ. "ನಮ್ಮ ದನ ಮೇಯೋ ಕಾವಲಿಗೆ ಮೈಲಿಗಟ್ಲೆ ಕಾಂಪೌಂಡ್ ಹಾಕವ್ರಲ್ಲ ಸಾವ್ಕಾರ್ರೇ, ಅದಕ್ಕಿಂತ ಉದ್ದನಾ?"

"ಅದು ಅಡ್ಡಕ್ಕೆ ಹುಲಿಯಪ್ಪ. ಇದು ಮ್ಯಾಲಕ್ಕೆ."

ಹುಲಿಯಪ್ಪ ಸ್ವಲ್ಪ ಹೊತ್ತು ಯೋಚಿಸಿದ. ಆ ಕಾಂಪೌಂಡನ್ನು ಎತ್ತಿ ನಿಲ್ಲಿಸಿ ನೋಡುತ್ತಿದ್ದಿರಬೇಕು. ಆಮೇಲೆ ಕೇಳಿದ: "ಒಳಗೆ ಹೋಗಿದ್ರಾ?"

"ಹೋಗಿದ್ದೆ," ಎಂದರು ಮಾವ.

ಈ ಕಥೆಯಲ್ಲಿ ಮಾವ ಬಾಯಿಬಿಟ್ಟು ಹೇಳಿದ ಸುಳ್ಳು ಇದೊಂದೇ. ಗೋಪುರದ ಅಳತೆಯನ್ನು ನಾನು ಸುಳ್ಳಿಗೆ ಸೇರಿಸುವುದಿಲ್ಲ. ಆದರೆ ಆ ಒಂದು ಮಾತನ್ನು ಒಳಗೆ ನೀರು ಕೊಡಲು ಬಂದಿದ್ದ ವನಜಾಕ್ಷಮ್ಮ ಕೇಳಿಸಿಕೊಂಡರು. ಬರಿಗಾಲಿಗೂ ಚರ್ಚಿಗೂ ಗಂಟು ಬಿತ್ತು. ಯಜಮಾನರು ಮಗನಿಗಾಗಿ ಮೈಸೂರಿನ ಅಮ್ಮನ ಮುಂದೆ ಬರಿಗಾಲಿನ ಹರಕೆ ಹೊತ್ತಿದ್ದಾರೆ. ಮಗ ಉಳಿಯಲಿಲ್ಲ, ಆದರೂ ಹರಕೆ ಬಿಟ್ಟಿಲ್ಲ. ಇಂಥ ಮನುಷ್ಯ ಉಂಟೇ!

ಹೀಗೆ ಹತ್ತು ತಿಂಗಳು ನಡೆಯಿತು.

ಮಾವನಿಗೆ ಶುಗರ್ ಇದೆ. ಬೇಸಗೆಯಲ್ಲಿ ಬಲಗಾಲಿನ ಹೆಬ್ಬೆರಳಿಗೆ ಜಾಲಿಮುಳ್ಳು ಚುಚ್ಚಿತು. ಗಾಯ ಮಾಯಲಿಲ್ಲ. ದಿನಾ ಬೆಳಿಗ್ಗೆ ನಾನು ತೊಳೆದು ಪಟ್ಟಿ ಕಟ್ಟುತ್ತಿದ್ದೆ, ಸಂಜೆಗೆ ಪಟ್ಟಿಯ ತುಂಬ ಚಳ್ಳಕೆರೆಯ ಮಣ್ಣಿರುತ್ತಿತ್ತು. ಡಾಕ್ಟರು ಬೆರಳು ನೋಡಿ, ನನ್ನನ್ನು ನೋಡಿ ಹೇಳಿದರು: "ಚಪ್ಪಲಿ ಹಾಕಿಸಮ್ಮ. ಇಲ್ಲಾಂದ್ರೆ ಈ ಬೆರಳು ತೆಗೀಬೇಕಾಗ್ತದೆ. ಬೆರಳಿಗೇ ನಿಲ್ಲುತ್ತೆ ಅಂತ ನಾನು ಹೇಳಲ್ಲ."

ಶುಗರ್ ಇರುವವರಿಗೆಂದೇ ಮಾಡುವ ಮೆತ್ತನೆಯ ಕಪ್ಪು ಚಪ್ಪಲಿ ತಂದೆ. ಎಂಟು ನಂಬರು. ಮಾವ ಹಾಕಿಕೊಂಡರು. ಅಂಗಳದಲ್ಲಿ ಎರಡು ಸುತ್ತು ನಡೆದರು. ಮುಖ ಸ್ವಲ್ಪ ಸಡಿಲಾಯಿತು. ಗೇಟು ತೆಗೆದು ಒಂದು ಹೆಜ್ಜೆ ಬೀದಿಗಿಟ್ಟರು.

"ಅಯ್ಯೋ ಶಿವನೇ!" ಎಂದು ಎದುರುಮನೆಯಿಂದ ಕೂಗು ಬಂತು. "ಹರಕೆ ಬಿಟ್ರಾ ಯಜಮಾನ್ರೇ?"

ಮೂರು ಮನೆಗಳ ಬಾಗಿಲು ತೆರೆದವು. ಯರ್ರಮ್ಮ ಬುಟ್ಟಿ ಇಳಿಸಿ ಎದೆ ಮೇಲೆ ಕೈಯಿಟ್ಟುಕೊಂಡಳು. "ಬ್ಯಾಡ ಸಾಮಿ. ಇಷ್ಟು ದಿನ ನಡೆಸಿ ಈಗ ಬಿಟ್ರೆ ಅಮ್ಮ ಸುಮ್ನಿರ್ತಾಳಾ? ಮನೇಲಿ ಇನ್ನೂ ಜನ ಅವ್ರೆ."

ಇನ್ನೂ ಇರುವ ಜನ ಎಂದರೆ ಅತ್ತೆ ಮತ್ತು ನಾನು. ಮಾವ ನನ್ನ ಕಡೆ ನೋಡಿದರು. ಚಪ್ಪಲಿ ಕಳಚಿ, ನಾನು ಮರೆತು ಬಿಟ್ಟುಹೋದ ವಸ್ತುವನ್ನು ಹಿಂದಿರುಗಿಸುವಂತೆ ನನ್ನ ಕೈಗೆ ಕೊಟ್ಟರು.

"ಅಳತೆ ನೋಡ್ತಿದ್ದೆ," ಎಂದರು ಬೀದಿಗೆ.

ಆ ಸಂಜೆ ಕೇಳಿದೆ. "ಮಾವ, ಹರಕೆ ಏನು ಅಂತ ಹೇಳಿ. ತೀರಿಸಿಬಿಡೋಣ."

"ತೀರಿಸೋ ಅಂಥದ್ದಲ್ಲವ್ವ ಅದು."

ಅತ್ತೆ ತಲೆ ಎತ್ತಲಿಲ್ಲ. ಮೊರದಲ್ಲಿ ಕಲ್ಲು ಹುಡುಕುತ್ತಿದ್ದರು.

ಡಾಕ್ಟರ ಮಾತನ್ನು ನಾನು ವನಜಾಕ್ಷಮ್ಮನಿಗೆ ಹೇಳಿದೆ. ಬೀದಿ ಒಪ್ಪದೆ ಬೆರಳು ಉಳಿಯುವಂತಿರಲಿಲ್ಲ. ಅವರು ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟರು. "ಹರಕೆ ಎಲ್ಲಿ ಹೊತ್ಕೊಂಡ್ರೋ ಅಲ್ಲೇ ಇಳಿಸಬೇಕು. ಮೈಸೂರಿಗೆ ಹೋಗಾನ. ಅಮ್ಮನಿಗೆ ಒಂದು ಸೀರೆ ಕೊಟ್ಟು ಉಡಿ ತುಂಬಿ, ಅಲ್ಲೇ ಚಪ್ಪಲಿ ಹಾಕಿಸ್ಕೊಂಡು ಬರಾನ. ಹೆಂಗೂ ಹೋಗ್ತೀವಿ, ಅರಮನೆ ನೋಡಾನ. ಜೂ ನೋಡಾನ. ಯಜಮಾನ್ರಿಗೆ ಮೈಸೂರು ಅಂಗೈ ಇದ್ದಂಗೆ, ಎಲ್ಲಾ ತೋರಿಸ್ತಾರೆ."

ಮಾವನವರಿಗೆ ಮೈಸೂರಿನಲ್ಲಿ ಗೊತ್ತಿದ್ದದ್ದು ಆಸ್ಪತ್ರೆಯ ಮೂರು ಮಹಡಿ ಮತ್ತು ಎದುರಿನ ಕಾಫಿ ಅಂಗಡಿ.

ಸೀರೆಗೆ ಮೊಳಕಾಲ್ಮೂರಿಗೆ ಹೋದೆವು. ನೇಕಾರ ಹೊನ್ನೂರಸ್ವಾಮಿ ಮಗ್ಗದಿಂದ ಎದ್ದು ಬಂದ. ಅವನ ಕನ್ನಡದಲ್ಲಿ ಅರ್ಧ ತೆಲುಗು. ಸೀರೆ ಯಾರಿಗೆ ಎಂದು ಕೇಳದೆ ಅವನು ಬೀರು ತೆಗೆಯುವುದಿಲ್ಲ.

"ಅಮ್ಮನಿಗೆ," ಎಂದರು ವನಜಾಕ್ಷಮ್ಮ.

"ಯಾವ ಅಮ್ಮವಾರು? ನಮ್ಮ ಕಡೆಯೋರಾ?"

"ಮೈಸೂರು. ಚರ್ಚಿನಲ್ಲಿರೋ ಅಮ್ಮ."

"ಅಟ್ಲಾ. ಒಳ್ಳೇದು. ಮದುವೆ ಆಗೈತಾ ಆಯಮ್ಮಗೆ?"

ಎಲ್ಲರೂ ಮಾವನ ಕಡೆ ತಿರುಗಿದರು. ಒಳಗೆ ಹೋಗಿದ್ದವರು ಅವರೊಬ್ಬರೇ. ಮಾವ ಹಣೆ ಒರೆಸಿಕೊಂಡು, "ಕೇಳಲಿಲ್ಲ," ಎಂದರು.

ವನಜಾಕ್ಷಮ್ಮ ಮೊಬೈಲು ತೆಗೆದರು. ವಿಡಿಯೊದಲ್ಲಿ ನೆಲಮಾಳಿಗೆ, ಮೇಣದ ಬತ್ತಿಗಳು, ಗಾಜಿನ ಹಿಂದೆ ಕಣ್ಣು ಮುಚ್ಚಿ ಮಲಗಿದ ಒಬ್ಬ ಎಳೆಯ ಹುಡುಗಿಯ ಮೂರ್ತಿ. "ನೋಡಪ್ಪ. ತಾಯಿ ಮಲಗವ್ಳೆ."

ಹೊನ್ನೂರಸ್ವಾಮಿ ಮೊಬೈಲನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದ. ವೃತ್ತಿಯ ಗಾಂಭೀರ್ಯ ಅವನ ಮುಖಕ್ಕೆ ಬಂತು. "ಇದು ಕಷ್ಟ ಸಾಮಿ. ನಾವು ಸೆರಗಿಗೆ ನವಿಲು ಹಾಕದು ನಿಂತಿರೋ ಲೆಕ್ಕಕ್ಕೆ. ಮನುಷ್ಯರು ಮಲಗಿದ್ರೆ ನವಿಲೂ ಮಲಗ್ತೈತೆ. ನೋಡೋರಿಗೆ ಸತ್ತ ನವಿಲಿನಂಗೆ ಕಾಣ್ತೈತೆ. ಮಲಗಿದೋರಿಗೆ ಅಂತ ಸೀರೆ ತಗೊಂಡು ಹೋಗೋರು ಬರ್ತಾರೆ, ಇಲ್ಲ ಅನ್ನಲ್ಲ. ಆದ್ರೆ ಆ ಸೀರೆ..."

ಆಗ ಅವನು ನನ್ನ ಕುಂಕುಮವಿಲ್ಲದ ಹಣೆ ನೋಡಿದ. ಬೀರಿನ ಕಡೆ ತಿರುಗಿದ.

"ನಿಂತಿರೋರಿಗೆ ನೇಯ್ದದ್ದೇ ಕೊಡಿ," ಎಂದೆ. "ಎದ್ದಾಗ ಉಟ್ಟುಕೊಳ್ತಾರೆ."

ಅವನು ಹಸಿರು ಸೀರೆ ತೆಗೆದುಕೊಟ್ಟ. ಅಂಚಿನ ತುಂಬ ನವಿಲು.

ಹದಿನಾಲ್ಕು ಜನ, ಪ್ರಭು ಎಂಬ ಚಾಲಕನ ವ್ಯಾನು. ನನ್ನ ಚೀಲದಲ್ಲಿ ಎಂಟು ನಂಬರಿನ ಚಪ್ಪಲಿ. ನಸುಕಿನಲ್ಲಿ ಹೊರಟು ಹಿರಿಯೂರು ದಾಟುವ ಹೊತ್ತಿಗೆ ಚಿತ್ರಾನ್ನ ಖಾಲಿಯಾಗಿತ್ತು. ಮಂಡ್ಯದ ಕಡೆಯ ಹಸಿರು ಕಂಡಾಗ ದೊಡ್ಡೀರಪ್ಪನವರು ಅದನ್ನು ವೈಯಕ್ತಿಕ ಅವಮಾನವೆಂಬಂತೆ ನೋಡಿದರು. "ಇಷ್ಟು ನೀರು ಯಾಕೆ ಬೇಕು ಇವ್ರಿಗೆ?"

ಅರಮನೆಯಲ್ಲಿ ಚಪ್ಪಲಿ ಬಿಟ್ಟು ಟೋಕನ್ ಪಡೆಯಬೇಕು. ಹದಿಮೂರು ಜನ ಸಾಲಿನಲ್ಲಿ ನಿಂತರು. ಮಾವ ನೇರ ಒಳಗೆ ಹೋದರು. "ನೋಡ್ರಿ, ರಾಜರ ಮನೇಲೂ ಹರಕೆಗೆ ಮರ್ಯಾದೆ," ಎಂದರು ವನಜಾಕ್ಷಮ್ಮ. ದರ್ಬಾರು ಹಾಲಿನಲ್ಲಿ ದೊಡ್ಡೀರಪ್ಪನವರು ಕಂಬಗಳನ್ನು ತೋರಿಸಿ, "ಯಾವ ಕಾಲದ್ದು ಭಾವ?" ಎಂದು ಕೇಳಿದರು. ಮಾವ, "ಹಳೇದು," ಎಂದರು. ಎಲ್ಲರಿಗೂ ತೃಪ್ತಿಯಾಯಿತು.

ಜೂಗೆ ಹೋಗುವ ಹೊತ್ತಿಗೆ ಬಿಸಿಲೇರಿತ್ತು. ಸಿಮೆಂಟಿನ ದಾರಿ ಕಾದಿತ್ತು. ಜಿರಾಫೆಯ ಎದುರು ಎಲ್ಲರೂ ನಿಂತಾಗ ಮಾವ ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಇಟ್ಟುಕೊಂಡು ಕೊಕ್ಕರೆಯಂತೆ ನಿಂತರು. ಪಟ್ಟಿಯ ತುದಿಯಲ್ಲಿ ಕೆಂಪು ಕಂಡಿತು. ನಾನು ಚೀಲಕ್ಕೆ ಕೈ ಹಾಕಿದೆ. ಅವರು ತಲೆ ಅಲ್ಲಾಡಿಸಿದರು.

ಮೂರು ಗಂಟೆಗೆ ಚರ್ಚು ತಲುಪಿದೆವು.

ಎಂ.ಎ. ಪರೀಕ್ಷೆಯಲ್ಲಿ ಗಾಥಿಕ್ ಶೈಲಿಯ ಬಗ್ಗೆ ಐದು ಅಂಕಕ್ಕೆ ಬರೆದಿದ್ದೆ. ಚೂಪು ಕಮಾನು, ಬಣ್ಣದ ಗಾಜು, ಮುಗಿಲಿಗೇರುವ ಗೋಪುರ, ನೋಡುವವರ ಕಣ್ಣು ತಾನಾಗಿ ಮೇಲಕ್ಕೆ ಹೋಗುವಂತೆ ಕಟ್ಟುವ ವಿಧಾನ. ಹದಿಮೂರು ಜನರ ಕಣ್ಣು ಪುಸ್ತಕದಲ್ಲಿದ್ದಂತೆಯೇ ಮೇಲಕ್ಕೆ ಹೋಯಿತು. ಮಾವ ನೆಲ ನೋಡುತ್ತಿದ್ದರು.

"ದುರ್ಗದ ಬೆಟ್ಟದಷ್ಟೇನೂ ಇಲ್ಲವಲ್ಲ ಭಾವ," ಎಂದರು ದೊಡ್ಡೀರಪ್ಪನವರು.

"ಅವತ್ತು ಇತ್ತು," ಎಂದರು ಮಾವ.

ಗೇಟಿನ ಒಳಗೆ ವನಜಾಕ್ಷಮ್ಮ ಚಪ್ಪಲಿ ಬಿಟ್ಟರು. ಅವರ ಪಕ್ಕದಲ್ಲಿ ಎಲ್ಲರೂ ಬಿಟ್ಟರು. ದೇವರಿರುವ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವುದು ನಮ್ಮಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ. ಹದಿಮೂರು ಜೊತೆ ಸಾಲಾಗಿ ನಿಂತವು.

"ನೀವು ಹೋಗಿ ಬರ್ರಿ. ನಾನು ಚಪ್ಪಲಿ ಕಾಯ್ತೀನಿ," ಎಂದರು ಮಾವ.

"ಹರಕೆ ನಿಮ್ದು!"

"ಮೊದ್ಲು ನೀವು ನೋಡಿ ಬರ್ರಿ. ಆಮೇಲೆ ಬರ್ತೀನಿ."

ಅವರೆಲ್ಲ ಹೋದರು. ಕಾಲಿನ ಪಟ್ಟಿ ಬದಲಿಸುವ ನೆಪ ಹೇಳಿ ನಾನು ಉಳಿದೆ. ಮಾವ ಕಟ್ಟೆಯ ಮೇಲೆ ಕೂತು ಚಪ್ಪಲಿಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಎಲ್ಲಿಂದಲೋ ಬಂದ ನವದಂಪತಿ ಆ ಸಾಲು ನೋಡಿ ತಾವೂ ಬಿಟ್ಟರು. ಅವರನ್ನು ನೋಡಿ ಒಂದು ಬಸ್ಸಿನ ಪ್ರವಾಸಿಗಳು ಬಿಟ್ಟರು. ಒಬ್ಬಾತ ತನ್ನ ಬೂಟನ್ನು ಮಾವನ ಕೈಗೇ ಕೊಟ್ಟು, "ಟೋಕನ್ ಇಲ್ವಾ?" ಎಂದು ಕೇಳಿದ. ಹತ್ತು ನಿಮಿಷದಲ್ಲಿ ನಮ್ಮ ಮುಂದೆ ನೂರು ಜೊತೆ ಸೇರಿತು. ಮಾವ ಒಂದೊಂದನ್ನೂ ಜೋಡಿ ಮಾಡಿ, ಹಿಮ್ಮಡಿ ಗೋಡೆಗೆ ತಾಗುವಂತೆ ಇಟ್ಟರು. ಆ ಕೆಲಸಕ್ಕೇ ಹುಟ್ಟಿದವರ ಹಾಗೆ.

ದೂರದಿಂದ ನೋಡುತ್ತಿದ್ದ ನಡುವಯಸ್ಸಿನ ಕಾವಲುಗಾರ ಹತ್ತಿರ ಬಂದ. "ಯಜಮಾನ್ರೇ, ಏನಿದು? ಯಾರು ಬಿಡಿಸಿದ್ದು ಇವನ್ನೆಲ್ಲಾ?"

"ದೇವಸ್ಥಾನ ಅಲ್ವಾ?"

"ಇಲ್ಲಿ ಹಾಕ್ಕೊಂಡೇ ಹೋಗ್ಬಹುದು. ಬಿಡ್ಬೇಕು ಅನ್ನಿಸಿದೋರು ಬಿಡ್ತಾರೆ. ಯಾರೂ ಕೇಳಲ್ಲ. ಗೇಟ್ ಹತ್ರ ಬಿಟ್ರೆ ಬಿಸಾಕಿದ್ದಾರೆ ಅಂತ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಷ್ಟೇ."

ಮಾವ ಕೈಯಲ್ಲಿದ್ದ ಬೂಟನ್ನು ನಿಧಾನವಾಗಿ ಕೆಳಗಿಟ್ಟರು.

"ಹಾಕ್ಕೊಂಡೇ ಹೋಗಬೌದಾ?"

"ಹೂಂ."

ಕಾವಲುಗಾರ ಹೋದ ಮೇಲೆ ಮಾವ ಆ ಬೂಟನ್ನೂ ಅದರ ಜೋಡಿಯ ಪಕ್ಕಕ್ಕೆ ಸರಿಸಿದರು. ಆಮೇಲೆ ಗೇಟಿನ ಬಲಗಂಬದ ಬುಡ ತೋರಿಸಿದರು.

"ಅಲ್ಲಿ ಬಿಟ್ಟಿದ್ದೆ ಕಣವ್ವ. ಅವತ್ತು ಬೆಳಿಗ್ಗೆ. ಕಾಫಿ ತರಾಕೆ ಅಂತ ಬಂದೋನು, ಯಾವ ದೇವ್ರಾದ್ರೇನು, ಒಂದು ಸಲ ಕೈ ಮುಗಿಯಾನ ಅಂತ ಬಂದೆ. ಚಪ್ಪಲಿ ಬಿಟ್ಟು ಹತ್ತು ಹೆಜ್ಜೆ ಹೋಗಿ ತಿರುಗಿ ನೋಡ್ತೀನಿ, ಇಲ್ಲ. ಒಳಗೆ ಹೋಗ್ಲೇ ಇಲ್ಲ. ಹುಡುಕ್ದೆ. ಅರ್ಧ ಗಂಟೆ ಹುಡುಕ್ದೆ. ಆ ಚಪ್ಪಲಿ ಅವ್ನೇ ಕೊಡಿಸಿದ್ದು. ಕೇಳ್ತಾನೆ ಅಂತ ಹುಡುಕ್ದೆ. ವಾಪಸ್ ಬಂದೆ. ಅಷ್ಟೊತ್ತಿಗೆ..."

ಅಷ್ಟೊತ್ತಿಗೆ ಏನು ಎಂಬುದು ನನಗೆ ಗೊತ್ತು.

"ಹರಕೆ ಇರಲಿಲ್ಲ. ಹೊತ್ಕಳಾಕಾದ್ರೂ ಒಳಗೆ ಹೋಗಬೇಕಿತ್ತಲ್ಲ. ಮಗ ಹೋಗೋ ಹೊತ್ತಲ್ಲಿ ಅಪ್ಪ ಚಪ್ಪಲಿ ಹುಡುಕ್ತಿದ್ದ ಅಂತ ಯಾರಿಗೆ ಹೇಳಲಿ?"

ನಾನು ಅವರ ಬೆರಳಿಗೆ ಹೊಸ ಪಟ್ಟಿ ಸುತ್ತುತ್ತಿದ್ದೆ. ಗಂಟು ಹಾಕಿದೆ.

"ನಾನು ಇಡ್ಲಿ ತಿನ್ನುತ್ತಿದ್ದೆ ಮಾವ."

"ಯಾವಾಗ?"

"ಅವತ್ತು. ಅದೇ ಅರ್ಧ ಗಂಟೆ. ಅತ್ತೆ ಅವರ ಹತ್ತಿರ ಇದ್ದರು, ನೀನು ಹೋಗಿ ತಿಂದು ಬಾ ಅಂದರು. ಕ್ಯಾಂಟೀನಿಗೆ ಹೋದೆ. ಎರಡು ತಿಂದೆ. ಆಮೇಲೆ ಇನ್ನೊಂದು ಹಾಕಿಸಿಕೊಂಡೆ."

ಮಾವ ನನ್ನನ್ನೇ ನೋಡಿದರು. ಏನು ಹೇಳಬೇಕೆಂದು ತಿಳಿಯದಿದ್ದಾಗ ಅವರು ಏನಾದರೊಂದು ಕೇಳುತ್ತಾರೆ.

"ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

ಅವರು ತಲೆಯಾಡಿಸಿದರು. ನಾನು ಚೀಲದಿಂದ ಚಪ್ಪಲಿ ತೆಗೆದು ಅವರ ಕಾಲ ಹತ್ತಿರ ಇಟ್ಟೆ. ಈ ಸಲ ಬೇಡ ಎನ್ನಲಿಲ್ಲ. ಹಾಕಿಕೊಂಡು ಎದ್ದು ನಿಂತರು. ನೂರು ಜೊತೆಯ ಕಡೆ ಚಿಂತೆಯಿಂದ ನೋಡಿದರು. ಕಾವಲುಗಾರ ದೂರದಿಂದಲೇ, "ನಾನು ನೋಡ್ಕೋತೀನಿ, ಹೋಗಿ," ಎಂದ.

ಹೀಗೆ ಹತ್ತು ತಿಂಗಳು ಊರೆಲ್ಲ ಬರಿಗಾಲಿನಲ್ಲಿ ತಿರುಗಿದ ನಮ್ಮ ಮಾವ, ಚಪ್ಪಲಿ ಹಾಕಿಕೊಂಡು ದೇವರ ಮನೆ ಹೊಕ್ಕರು. ಹೊಸ ಚಪ್ಪಲಿ ಕಿರ್ ಕಿರ್ ಎನ್ನುತ್ತಿತ್ತು. ಚೂಪು ಕಮಾನುಗಳು ಆ ಸದ್ದನ್ನು ಹಿಡಿದು ಕಂಬದಿಂದ ಕಂಬಕ್ಕೆ ದಾಟಿಸಿದವು. ಚಳ್ಳಕೆರೆಯ ಬರಿಗಾಲಿನ ಹನ್ನೆರಡು ಮಂದಿ ಒಟ್ಟಿಗೇ ತಿರುಗಿದರು.

"ಯಜಮಾನ್ರೇ! ಕಾಲು!" ಎಂದು ಕೂಗಿದರು ವನಜಾಕ್ಷಮ್ಮ. ಕಾಲು, ಕಾಲು ಎಂದು ಛಾವಣಿ ಹೇಳಿತು.

ಬಿಳಿ ಉಡುಪಿನ ಸಿಸ್ಟರ್ ಒಬ್ಬರು ಬಂದು ತುಟಿಯ ಮೇಲೆ ಬೆರಳಿಟ್ಟರು. ಆದ್ದರಿಂದ ಮುಂದಿನ ಮಹತ್ವದ ಸಂಭಾಷಣೆ ಪೂರ್ತಿ ಪಿಸುಮಾತಿನಲ್ಲಿ ನಡೆಯಿತು.

"ಹರಕೆ ಇರಲಿಲ್ಲ," ಎಂದು ಪಿಸುಗುಟ್ಟಿದರು ಮಾವ. "ಚಪ್ಪಲಿ ಕಳೆದಿದ್ವು. ಅಷ್ಟೇ. ಅವತ್ತು ನಾನು ಒಳಗೂ ಬಂದಿರಲಿಲ್ಲ."

"ದೊಡ್ಡೋರು ಹಂಗೇ ಹೇಳೋದು," ಎಂದು ವನಜಾಕ್ಷಮ್ಮ ಉಳಿದವರಿಗೆ ಪಿಸುಗುಟ್ಟಿದರು. "ಹರಕೆ ಹೊತ್ತೋರು ಎಂದಾದ್ರೂ ಒಪ್ಕೊಂತಾರಾ?"

"ಇಲ್ಲ ವನಜಾಕ್ಷಿ," ಎಂದರು ಅತ್ತೆ. ಅವರೊಬ್ಬರೇ ಸಾದಾ ದನಿಯಲ್ಲಿ ಮಾತಾಡಿದ್ದು. ಸಿಸ್ಟರ್ ಅವರಿಗೆ ಏನೂ ಹೇಳಲಿಲ್ಲ. "ಕಳ್ಕೊಂಡಿದ್ದೇ. ಇವ್ರು ಯಾವ ಮದುವೆಗೆ ಹೋದ್ರೂ ಕಳ್ಕೊಂಡೇ ಬರೋದು. ನಮ್ಮ ಮದುವೇಲೂ ಕಳ್ಕೊಂಡು, ನಮ್ಮಪ್ಪನ ಚಪ್ಪಲಿ ಹಾಕ್ಕೊಂಡು ನನ್ನ ಕರ್ಕೊಂಡು ಬಂದ್ರು."

ಮಾವ ಬಾಯಿ ತೆರೆದು ನಿಂತರು. "ನಿಂಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಿತ್ತು. ಆಸ್ಪತ್ರೆ ಬಾಗಿಲಲ್ಲಿ ನಿಮ್ಮ ಕಾಲು ನೋಡಿದಾಗ್ಲೇ."

"ಮತ್ತೆ ಹೇಳಲಿಲ್ಲ?"

"ನೀವು ಹೇಳ್ತೀರೇನೋ ಅಂತ ನೋಡ್ತಿದ್ದೆ." ಸೆರಗು ಸರಿಮಾಡಿಕೊಂಡರು. "ಆಮೇಲೆ ಜನ ಎಲ್ಲಾ ನಿಮ್ಮ ಕಾಲು ನೋಡಾಕೆ ಶುರು ಮಾಡಿದ್ರು. ನಮ್ಮ ಮುಖ ನೋಡೋದು ಬಿಟ್ರು. ಅದೂ ಒಳ್ಳೇದೇ ಆತು ಅಂತ ಸುಮ್ನಾದೆ. ಬೆರಳಿಗೆ ಬಂದ ಮ್ಯಾಲೆ ಹೇಳಬೇಕಿತ್ತು. ಅದು ನನ್ನ ತಪ್ಪು."

ಅತ್ತೆ ವನಜಾಕ್ಷಮ್ಮನ ತಟ್ಟೆಯಿಂದ ಸೀರೆ ತೆಗೆದುಕೊಂಡು ನೆಲಮಾಳಿಗೆಯ ಮೆಟ್ಟಿಲಿಳಿದರು. ನಾವೂ ಇಳಿದೆವು. ಮೇಣದ ಬತ್ತಿಗಳ ಆಚೆ ಆ ಹುಡುಗಿ ಕಣ್ಣು ಮುಚ್ಚಿ ಮಲಗಿದ್ದಳು. ಅತ್ತೆ ಸೀರೆಯನ್ನು ಸಿಸ್ಟರ್ ಕೈಗೆ ಕೊಟ್ಟರು. "ಹರಕೆಯದ್ದಲ್ಲವ್ವ. ಸುಮ್ನೆ ತಂದಿದ್ದು," ಎಂದರು. ಮಾವ ಉಸಿರು ಬಿಗಿಹಿಡಿದು, ಚಪ್ಪಲಿ ಕಿರ್ ಎನ್ನದ ಹಾಗೆ, ಅಲುಗಾಡದೆ ನಿಂತಿದ್ದರು. ಮೇಲೆ ಬಂದಾಗ ಮೊದಲ ಬಾರಿಗೆ ತಲೆ ಎತ್ತಿ ನೋಡಿದರು. ಬಣ್ಣದ ಗಾಜಿನ ಬೆಳಕು ಅವರ ಹಣೆಯ ವಿಭೂತಿಯ ಮೇಲೆ ಬಿದ್ದಿತ್ತು.

"ಎತ್ತರನೇ ಐತೆ," ಎಂದರು.

ವ್ಯಾನಿನಲ್ಲಿ ವನಜಾಕ್ಷಮ್ಮ ಶ್ರೀರಂಗಪಟ್ಟಣದವರೆಗೆ ಸುಮ್ಮನಿದ್ದರು. ಅಲ್ಲಿ ಅವರಿಗೆ ಹೊಳೆಯಿತು. ಮುಂದಿನ ಸೀಟಿನವರ ಕಿವಿಗೆ ಬಾಗಿ ಹೇಳುವುದು ನನಗೆ ಕೇಳಿಸಿತು: "ಹೊರಗೆಲ್ಲಾ ಬರಿಗಾಲು, ಗುಡಿ ಒಳಗೆ ಮಾತ್ರ ಚಪ್ಪಲಿ. ಗಂಡ ಹೆಂಡ್ತಿ ಇಬ್ರೂ ಬಾಯಿ ಬಿಡಬಾರದು. ಇಂಥ ಕಠಿಣ ಹರಕೆ ನಾನು ಕೇಳೇ ಇಲ್ಲ ಕಣ್ರಿ."

ಬೆರಳು ಉಳಿಯಿತು. ಎರಡು ತಿಂಗಳಾದ ಮೇಲೆ ಪರಶುರಾಂಪುರದಲ್ಲಿ ನಮ್ಮವರದೇ ಒಂದು ಮದುವೆ. ಮಾವ ಕಪ್ಪು ಚಪ್ಪಲಿ ಹಾಕಿಕೊಂಡು ಹೋಗಿ, ಸಂಜೆ ಬರಿಗಾಲಿನಲ್ಲಿ ಬಂದರು. ಬಾಗಿಲಲ್ಲಿ ನಿಂತು ಕೆಮ್ಮಿದರು. "ಕಳೆದೋದ್ವು," ಎಂದರು. ಕೇಳದೆಯೇ ಹೇಳಿದರು.

ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ನನಗೆ ಹೇಳಿದರು: "ಎಂಟು ನಂಬರು."

ನಾನು ಅಂಗಡಿಗೆ ಹೋದೆ. ಅದೇ ಮೆತ್ತನೆಯ ಕಪ್ಪು ಚಪ್ಪಲಿ ಕೇಳಿದೆ. ಅಂಗಡಿಯ ಮಹಾಂತೇಶ್ ಕಟ್ಟುತ್ತಾ ದನಿ ತಗ್ಗಿಸಿದ.

"ಯಜಮಾನ್ರು ಮತ್ತೆ ಹರಕೆ ಹೊತ್ರಾ ಅಕ್ಕಾರೇ?"

"ಇಲ್ಲ," ಎಂದೆ. "ಕಳೆದುಹೋದವು."